ಸಿಡಿಲಿಗೆ ಮುನ್ನ ಸಿಗುವ ಒಂದು ಗಂಟೆ

2023ರ ಮೇ 21, ಭಾನುವಾರ. ರಾಜ್ಯದಲ್ಲಿ ಹೊಸ ಸರ್ಕಾರ ಪ್ರಮಾಣ ವಚನ ಸ್ವೀಕರಿಸಿ ಒಂದು ದಿನವಷ್ಟೇ ಕಳೆದಿತ್ತು. ಮಧ್ಯಾಹ್ನದ ನಂತರ ಬೆಂಗಳೂರಿನ ಮೇಲೆ ಕವಿದ ಕಾರ್ಮೋಡ ಬಿರುಗಾಳಿ ಹಾಗೂ ಆಲಿಕಲ್ಲು ಸಹಿತ ಧಾರಾಕಾರವಾಗಿ ಸುರಿಯಿತು. ಮರಗಳು ಉರುಳಿದವು, ರಸ್ತೆಗಳು ಕಾಲುವೆಗಳಾದವು. ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿರುವ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ನೀರಿಗೆ ಕಾರೊಂದು ಸಿಲುಕಿತು. ಅದರಲ್ಲಿದ್ದ ಕುಟುಂಬದ ಇತರರನ್ನು ರಕ್ಷಿಸಲಾಯಿತಾದರೂ ಸಾಫ್ಟ್‌ವೇರ್ ಸಂಸ್ಥೆಯ ಯುವ ಉದ್ಯೋಗಿಯೊಬ್ಬರು ಬದುಕುಳಿಯಲಿಲ್ಲ. ಮುಖ್ಯಮಂತ್ರಿ ಆಸ್ಪತ್ರೆಗೆ ಧಾವಿಸಿದರು, ಪರಿಹಾರ ಘೋಷಣೆಯಾಯಿತು.

ಅಂಡರ್‌ಪಾಸ್‌ನ ಚರಂಡಿ, ಪಾಲಿಕೆಯ ಹೊಣೆಗಾರಿಕೆ ಮುಂತಾದ ಪ್ರಶ್ನೆಗಳು ಆಗ ಸಾಕಷ್ಟು ಚರ್ಚೆಯಾದವು. ಆದರೆ ಅವುಗಳ ಹಿಂದೆ ಇನ್ನೊಂದು ಪ್ರಶ್ನೆ ಉಳಿದುಕೊಂಡಿತು. ಕೆಲವು ನಿಮಿಷಗಳಲ್ಲಿ ನಗರವನ್ನು ಮುಳುಗಿಸಬಲ್ಲ ಮೋಡವೊಂದು ಬರುತ್ತಿದೆ ಎಂಬುದನ್ನು ಮೊದಲೇ ತಿಳಿಯಲು ಸಾಧ್ಯವಿರಲಿಲ್ಲವೇ? ಸಾಧ್ಯವಿದ್ದರೆ ಎಷ್ಟು ಮೊದಲು?

ಈ ಪ್ರಶ್ನೆಗೆ ಹವಾಮಾನ ವಿಜ್ಞಾನ ನೀಡುವ ಉತ್ತರ ಎರಡು ಭಾಗಗಳಲ್ಲಿದೆ. ಗುಡುಗು ಮಳೆಗೆ ಅನುಕೂಲಕರ ವಾತಾವರಣ ಇದೆಯೇ ಎಂಬುದನ್ನು ಅಂದಿನ ಬೆಳಿಗ್ಗೆಯೇ ಹೇಳಬಹುದು. ಅದು ಯಾವ ಬಡಾವಣೆಯ ಮೇಲೆ, ಯಾವ ಹೋಬಳಿಯ ಮೇಲೆ ಸುರಿಯುತ್ತದೆ ಎಂಬುದನ್ನು ಮೋಡ ಹುಟ್ಟಿದ ಮೇಲಷ್ಟೇ ಹೇಳಬಹುದು. ಮೊದಲನೆಯದು ಮುನ್ಸೂಚನೆ, ಎರಡನೆಯದು ಎಚ್ಚರಿಕೆ. ಮೊದಲನೆಯದಕ್ಕೆ ಬಲೂನು ಬೇಕು, ಎರಡನೆಯದಕ್ಕೆ ರೇಡಾರ್. ಸಾರ್ವಜನಿಕ ಚರ್ಚೆಯಲ್ಲಿ ಈ ಎರಡೂ ಒಂದೇ ಎಂಬಂತೆ ಬೆರೆತುಹೋಗಿವೆ. ಕರ್ನಾಟಕದ ಒಳನಾಡಿನ ಕೊರತೆ ಇರುವುದು ಎರಡನೆಯದರಲ್ಲಿ.

ಮುಂಜಾನೆಯ ಬಲೂನು

ದೇಶದ ಐವತ್ತಕ್ಕೂ ಹೆಚ್ಚು ಕೇಂದ್ರಗಳಿಂದ ಹವಾಮಾನ ಇಲಾಖೆ ಜಲಜನಕ ತುಂಬಿದ ಬಲೂನುಗಳನ್ನು ಆಕಾಶಕ್ಕೆ ಬಿಡುತ್ತದೆ. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಇಂತಹ ಕೇಂದ್ರಗಳಿವೆ. ಇದಕ್ಕೆ ಜಗತ್ತಿನಾದ್ಯಂತ ನಿಗದಿಯಾಗಿರುವ ಎರಡು ಮುಖ್ಯ ಹೊತ್ತುಗಳು ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ 5.30 ಮತ್ತು ಸಂಜೆ 5.30. ಬಲೂನಿಗೆ ಕಟ್ಟಿದ ರೇಡಿಯೋಸಾಂಡ್ ಎಂಬ ಪುಟ್ಟ ಉಪಕರಣ ನಿಮಿಷಕ್ಕೆ ಸುಮಾರು 300 ಮೀಟರ್ ವೇಗದಲ್ಲಿ ಮೇಲೇರುತ್ತ ಒತ್ತಡ, ಉಷ್ಣಾಂಶ, ತೇವಾಂಶಗಳನ್ನು ಅಳೆದು ರೇಡಿಯೋ ಮೂಲಕ ಕೆಳಗೆ ತಿಳಿಸುತ್ತದೆ. ಬಲೂನು ಸಾಗುವ ದಾರಿಯಿಂದ ಗಾಳಿಯ ದಿಕ್ಕು ಮತ್ತು ವೇಗ ಗೊತ್ತಾಗುತ್ತದೆ. ಸುಮಾರು 30 ಕಿ.ಮೀ. ಎತ್ತರದಲ್ಲಿ ಬಲೂನು ಒಡೆಯುವ ಹೊತ್ತಿಗೆ ಆ ಊರಿನ ಮೇಲಿನ ವಾಯುಮಂಡಲದ ಒಂದು ಉದ್ದನೆಯ ಸೀಳುನೋಟ ತಜ್ಞರ ಕೈಸೇರಿರುತ್ತದೆ.

ಈ ಮಾಪನದಲ್ಲಿ ತಜ್ಞರು ಮುಖ್ಯವಾಗಿ ಮೂರು ಸಂಗತಿಗಳನ್ನು ಹುಡುಕುತ್ತಾರೆ. ನೆಲದ ಬಳಿ ಸಾಕಷ್ಟು ತೇವವಿದೆಯೇ? ಮೇಲಕ್ಕೆ ಹೋದಂತೆ ಗಾಳಿ ಬೇಗ ತಣ್ಣಗಾಗುತ್ತಿದೆಯೇ? ಗಾಳಿಯನ್ನು ಮೊದಲು ಮೇಲೆತ್ತಬಲ್ಲ ಕಾರಣವೇನಾದರೂ ಇದೆಯೇ?

ತೇವಭರಿತ ಗಾಳಿ ಮೇಲೇರಿ ತಣಿದಾಗ ಆವಿ ಹನಿಗಟ್ಟುತ್ತದೆ. ಆಗ ಬಿಡುಗಡೆಯಾಗುವ ಗುಪ್ತೋಷ್ಣದಿಂದ ಆ ಗಾಳಿ ಸುತ್ತಲಿನ ಗಾಳಿಗಿಂತ ಬೆಚ್ಚಗೆ ಉಳಿದು ಇನ್ನಷ್ಟು ಮೇಲೇರುತ್ತದೆ. ಹೀಗೆ ಮೇಲೇರಲು ವಾತಾವರಣದಲ್ಲಿ ಒಟ್ಟಾಗಿ ಎಷ್ಟು ಶಕ್ತಿ ಸಂಗ್ರಹವಾಗಿದೆ ಎಂಬುದನ್ನು ‘ಕೇಪ್’ ಎಂಬ ಸಂಕ್ಷಿಪ್ತ ಹೆಸರಿನ ಸೂಚ್ಯಂಕದಿಂದ ಅಳೆಯಲಾಗುತ್ತದೆ. ಪ್ರತಿ ಕಿಲೋಗ್ರಾಂ ಗಾಳಿಗೆ 1,000 ಜೌಲ್‌ ದಾಟಿದರೆ ಗುಡುಗು ಮಳೆಗೆ ತಕ್ಕಷ್ಟು ಶಕ್ತಿ ಇದೆಯೆಂದೂ 2,500 ದಾಟಿದರೆ ವಾತಾವರಣ ತೀವ್ರ ಅಸ್ಥಿರವಾಗಿದೆಯೆಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. 2,500 ಜೌಲ್ ಶಕ್ತಿ ಪೂರ್ತಿಯಾಗಿ ವೇಗವಾಗಿ ಪರಿವರ್ತನೆಯಾದರೆ ಗಾಳಿ ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಮೇಲಕ್ಕೆ ಚಿಮ್ಮಬೇಕು. ವಾಸ್ತವದಲ್ಲಿ ಅದರ ಅರ್ಧದಷ್ಟೂ ಆಗುವುದು ಅಪರೂಪ. ಆದರೂ ಆಲಿಕಲ್ಲನ್ನು ಗಾಳಿಯಲ್ಲೇ ತೇಲಿಸಿ ಬೆಳೆಸಲು ಅಷ್ಟು ಸಾಕು.

ಏಪ್ರಿಲ್‌–ಮೇ ತಿಂಗಳಲ್ಲಿ ಕರ್ನಾಟಕದ ಒಳನಾಡು ಇದಕ್ಕೆ ಹೇಳಿ ಮಾಡಿಸಿದ ರಂಗಭೂಮಿ. ವಿದರ್ಭ, ಮರಾಠವಾಡಗಳ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾಯ್ದು ತಮಿಳುನಾಡಿನವರೆಗೆ ಗಾಳಿಯ ದಿಕ್ಕು ಬದಲಾಗುವ ರೇಖೆಯೊಂದು ಈ ದಿನಗಳಲ್ಲಿ ಪದೇಪದೇ ರೂಪುಗೊಳ್ಳುತ್ತದೆ. ಅದರ ಒಂದು ಬದಿಯಲ್ಲಿ ಉತ್ತರದ ಒಣಗಾಳಿ, ಇನ್ನೊಂದು ಬದಿಯಲ್ಲಿ ಬಂಗಾಳಕೊಲ್ಲಿಯ ತೇವದ ಗಾಳಿ. ಮಧ್ಯಾಹ್ನದ ಬಿಸಿಲು ಇವೆರಡರ ಸಂಗಮಕ್ಕೆ ಕಿಡಿ ಹಚ್ಚುತ್ತದೆ. ಅಶ್ವಿನಿ, ಭರಣಿ ಎಂದು ರೈತರು ಎಣಿಸುವ ಮಳೆಗಳೂ ಕೊಡಗು–ಚಿಕ್ಕಮಗಳೂರಿನ ಬೆಳೆಗಾರರು ಕಾಯುವ ಕಾಫಿ ಹೂಮಳೆಯೂ ಬಹುಪಾಲು ಇಂತಹ ಗುಡುಗು ಮೋಡಗಳದೇ ಕೊಡುಗೆ. ಬೇಕಾದ ಮಳೆ ಮತ್ತು ಬೇಡದ ಸಿಡಿಲು ಒಂದೇ ಮೋಡದಿಂದ ಬರುತ್ತವೆ.

ಮುಚ್ಚಳ ತೆರೆಯುವ ಗಳಿಗೆ

ಮೇಲ್ಪದರದ ಮಾಪನದ ಮಹತ್ವಕ್ಕೆ ಇತಿಹಾಸದಲ್ಲಿ ಪ್ರಸಿದ್ಧ ನಿದರ್ಶನವೊಂದಿದೆ. 1948ರ ಮಾರ್ಚ್ 20ರಂದು ಅಮೆರಿಕದ ಒಕ್ಲಹೋಮದಲ್ಲಿರುವ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಅಪ್ಪಳಿಸಿ ವಿಮಾನಗಳು ನುಚ್ಚುನೂರಾದವು. ಕಾರಣ ಪತ್ತೆ ಮಾಡುವಂತೆ ಫಾಬುಷ್ ಮತ್ತು ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳಿಗೆ ಸೂಚಿಸಲಾಯಿತು. ಐದೇ ದಿನಗಳ ನಂತರ, ಮಾರ್ಚ್ 25ರಂದು, ಅದೇ ಬಗೆಯ ವಾತಾವರಣ ಮರುಕಳಿಸಿದ್ದನ್ನು ಗುರುತಿಸಿದ ಅವರು ಸುಂಟರಗಾಳಿಯ ಮುನ್ಸೂಚನೆ ನೀಡಿದರು. ವಿಮಾನಗಳನ್ನು ಭದ್ರಪಡಿಸಲಾಯಿತು. ಅಂದು ಸಂಜೆ ಸುಂಟರಗಾಳಿ ಮತ್ತೆ ಅದೇ ನೆಲೆಗೆ ಬಂದಿತು. ಆಧುನಿಕ ತೀವ್ರ ಹವಾಮಾನ ಮುನ್ಸೂಚನೆಯ ಚರಿತ್ರೆ ಆರಂಭವಾಗುವುದು ಇಲ್ಲಿಂದಲೇ. ಮುನ್ಸೂಚನೆ ನಿಜವಾದದ್ದರ ಜೊತೆಗೆ, ಅದನ್ನು ಕೇಳಿದವರು ಕೂಡಲೇ ಕಾರ್ಯಪ್ರವೃತ್ತರಾದದ್ದೂ ಇಲ್ಲಿ ಅಷ್ಟೇ ಗಮನಾರ್ಹ.

ಆದರೆ ಒಂದೇ ತಾಣದ ಮೇಲೆ ಮುನ್ಸೂಚನೆ ಹೀಗೆ ನಿಖರವಾಗಿ ಫಲಿಸಿದ್ದು ಅಪವಾದ ಎಂಬುದನ್ನು ಮರೆಯಬಾರದು. ಬೆಳಿಗ್ಗೆಯ ಬಲೂನಿಗೆ ಮಿತಿಗಳಿವೆ. ಎಷ್ಟೋ ದಿನ ನೆಲದಿಂದ ಒಂದೆರಡು ಕಿ.ಮೀ. ಎತ್ತರದಲ್ಲಿ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂತಿರುತ್ತದೆ. ಕೆಳಗೆ ತೇವ, ಶಾಖ ಎಷ್ಟೇ ಇದ್ದರೂ ಈ ಮುಚ್ಚಳ ಸರಿಯದೆ ಮೋಡ ಬೆಳೆಯದು. ಬೆಳಿಗ್ಗೆ ಕೇಪ್ ಸೂಚ್ಯಂಕ ಎಷ್ಟೇ ದೊಡ್ಡದಿದ್ದರೂ ಮುಚ್ಚಳ ತೆರೆಯದಿದ್ದರೆ ದಿನ ಬರಿಯ ಸೆಕೆಯಲ್ಲಿ ಕಳೆದುಹೋಗುತ್ತದೆ. ತೆರೆದರೆ, ಅದುವರೆಗೆ ತಡೆದಿಟ್ಟ ಶಕ್ತಿಯೆಲ್ಲ ಒಂದೇ ಕಡೆ ಸ್ಫೋಟಿಸುತ್ತದೆ. ‘ಮಳೆ ಬರುತ್ತದೆಂದು ಹೇಳಿದರು, ಬರಲಿಲ್ಲ’ ಎಂಬ ಜನರ ದೂರಿನ ಹಿಂದಿರುವ ವಿಜ್ಞಾನ ಬಹುಮಟ್ಟಿಗೆ ಇದೇ.

ಇನ್ನೊಂದು ತೊಡಕು ಹೊತ್ತಿನದು. ರಾಜ್ಯದ ಒಳನಾಡಿನಲ್ಲಿ ಗುಡುಗು ಮೋಡಗಳು ಹೆಚ್ಚಾಗಿ ಬೆಳೆಯುವುದು ಮಧ್ಯಾಹ್ನ ಎರಡು ಗಂಟೆಯ ನಂತರ. ಬೆಳಿಗ್ಗೆ 5.30ರ ಬಲೂನು ರಾತ್ರಿಯ ತಂಪಿನಲ್ಲಿ ಮಲಗಿದ್ದ ವಾತಾವರಣವನ್ನು ಅಳೆದಿರುತ್ತದೆ. ಸಂಜೆ 5.30ರ ಬಲೂನು ಮೇಲೇರುವಾಗ ಎಷ್ಟೋ ಸಲ ಮಳೆ ಸುರಿದು ಮುಗಿದಿರುತ್ತದೆ. ನಿರ್ಣಾಯಕವಾದ ಮಧ್ಯಾಹ್ನದ ಚಿತ್ರವನ್ನು ಗಣಕ ಮಾದರಿಗಳು, ಉಪಗ್ರಹ ಚಿತ್ರಗಳು ಹಾಗೂ ತಜ್ಞರ ಅನುಭವದಿಂದ ತುಂಬಿಕೊಳ್ಳಬೇಕಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಮಿತಿ ಮೋಡದ ಆಯುಷ್ಯ. 1946–47ರಲ್ಲಿ ಅಮೆರಿಕದ ಫ್ಲಾರಿಡಾ ಮತ್ತು ಒಹಾಯೋಗಳಲ್ಲಿ ನಡೆದ ವಿಸ್ತೃತ ಅಧ್ಯಯನದಲ್ಲಿ, ವಿಮಾನಗಳು ಗುಡುಗು ಮೋಡಗಳ ಒಳಹೊಕ್ಕು ಮಾಹಿತಿ ತಂದವು. ಹುಟ್ಟು, ಪ್ರೌಢಾವಸ್ಥೆ, ಅವಸಾನ ಎಂಬ ಮೂರು ಹಂತಗಳನ್ನು ಒಂಟಿ ಗುಡುಗು ಮೋಡ ಒಂದು ಗಂಟೆಯ ಒಳಗೆ ಮುಗಿಸಿಬಿಡುತ್ತದೆ ಎಂಬುದು ಆಗ ಖಚಿತವಾಯಿತು. ಇನ್ನೂ ಹುಟ್ಟಿಯೇ ಇರದ, ಹುಟ್ಟಿದರೂ ಒಂದು ಗಂಟೆಯಲ್ಲಿ ಸಾಯುವ, ಕೆಲವೇ ಕಿ.ಮೀ. ಅಗಲದ ಮೋಡ ಜಯನಗರದ ಮೇಲೆ ಸುರಿಯುತ್ತದೋ ಯಲಹಂಕದ ಮೇಲೋ ಎಂದು ಹಿಂದಿನ ದಿನ ಹೇಳುವುದು ಯಾವ ದೇಶದ ಹವಾಮಾನ ಇಲಾಖೆಗೂ ಆಗದ ಕೆಲಸ.

ರೇಡಾರ್ ಎಂಬ ಕಣ್ಣು

ಮೋಡ ಹುಟ್ಟಿದ ಮೇಲೆ ಆಟದ ನಿಯಮಗಳೇ ಬದಲಾಗುತ್ತವೆ. ಇಲ್ಲಿಂದ ಮುಂದೆ ರೇಡಾರ್‌ನ ಕೆಲಸ. ಅದು ಕಳುಹಿಸಿದ ಸೂಕ್ಷ್ಮ ತರಂಗಗಳು ಮಳೆಹನಿ, ಆಲಿಕಲ್ಲುಗಳಿಗೆ ತಾಗಿ ಹಿಂದಿರುಗುತ್ತವೆ. ಪ್ರತಿಫಲನ ಎಷ್ಟು ಪ್ರಬಲವೋ ಮಳೆ ಅಷ್ಟು ಜೋರು. ಡೆಸಿಬೆಲ್ ಮಾದರಿಯ ಅಳತೆಯಲ್ಲಿ ಈ ಪ್ರತಿಫಲನ 50–55ನ್ನು ದಾಟಿದರೆ ಆಲಿಕಲ್ಲಿನ ಶಂಕೆ ಬಲವಾಗುತ್ತದೆ. ಡಾಪ್ಲರ್ ರೇಡಾರ್ ಆದರೆ ಹನಿಗಳು ತನ್ನತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದನ್ನೂ ಅಳೆದು ಮೋಡದೊಳಗಿನ ಗಾಳಿಯ ಚಲನೆಯನ್ನು ತೋರಿಸುತ್ತದೆ. ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನ ತರಂಗಗಳನ್ನು ಕಳುಹಿಸುವ ಇತ್ತೀಚಿನ ರೇಡಾರ್‌ಗಳು ಮಳೆಹನಿಯನ್ನೂ ಆಲಿಕಲ್ಲನ್ನೂ ಪ್ರತ್ಯೇಕಿಸಿ ಹೇಳಬಲ್ಲವು.

ಮರಗಳನ್ನು ಬೀಳಿಸುವ ಗಾಳಿಯ ಸುಳಿವೂ ಇಲ್ಲಿಯೇ ಸಿಗುತ್ತದೆ. ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಆವಿಯಾದಾಗ ಆ ಗಾಳಿ ತಣಿದು, ಭಾರವಾಗಿ, ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕಿಗೂ ಹರಡುತ್ತದೆ. ಮಳೆಗೆ ಕೆಲವು ನಿಮಿಷ ಮೊದಲು ನುಗ್ಗಿ ಬರುವ ತಂಗಾಳಿ ಇದೇ. ಹತ್ತಿರದ ರೇಡಾರ್‌ಗೆ ಇದರ ಅಂಚು ತೆಳುವಾದ ಗೆರೆಯಾಗಿ ಕಾಣುತ್ತದೆ. ಹತ್ತು ನಿಮಿಷಗಳ ಅಂತರದ ಎರಡು ಮೂರು ಚಿತ್ರಗಳನ್ನು ಹೋಲಿಸಿದರೆ ಮೋಡ ಎತ್ತ ಸಾಗುತ್ತಿದೆ, ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂಬುದು ತಿಳಿಯುತ್ತದೆ. ಹವಾಮಾನ ಇಲಾಖೆ ಹೊರಡಿಸುವ ಮೂರು ಗಂಟೆಗಳ ತತ್‌ಕ್ಷಣದ ಮುನ್ಸೂಚನೆಗೆ ಇದೇ ಮುಖ್ಯ ಆಧಾರ.

ದೇಶದಲ್ಲಿ ಆಧುನಿಕ ಡಾಪ್ಲರ್ ರೇಡಾರ್‌ಗಳ ಯುಗ ಆರಂಭವಾದದ್ದು 2002ರಲ್ಲಿ, ಚೆನ್ನೈನಲ್ಲಿ. ಹತ್ತು ಹನ್ನೆರಡು ವರ್ಷಗಳ ನಂತರವೂ ಇವುಗಳ ಸಂಖ್ಯೆ 15ರ ಆಸುಪಾಸಿನಲ್ಲಿತ್ತು. 2024ರ ವೇಳೆಗೆ ಅದು 39ಕ್ಕೆ ಏರಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಎರಡು ವರ್ಷಗಳಿಗೆ 2,000 ಕೋಟಿ ರೂಪಾಯಿ ವೆಚ್ಚದ ‘ಮಿಷನ್ ಮೌಸಮ್’ ಯೋಜನೆಗೆ ಒಪ್ಪಿಗೆ ನೀಡಿದ್ದು, ರೇಡಾರ್ ಜಾಲದ ವಿಸ್ತರಣೆ ಅದರ ಪ್ರಮುಖ ಅಂಗ.

ಎರಡು ಕರಾವಳಿಗಳ ನಡುವೆ

ಈ ಬೆಳವಣಿಗೆಯಲ್ಲಿ ಕರ್ನಾಟಕದ ಸರದಿ ತಡವಾಗಿ ಬಂದಿತು. ಕೆ.ಆರ್. ವೃತ್ತದ ದುರಂತ ಸಂಭವಿಸಿದ ದಿನ ರಾಜ್ಯದೊಳಗೆ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಇರಲಿಲ್ಲ. ಚೆನ್ನೈ, ಗೋವಾ, ಕೊಚ್ಚಿ, ಹೈದರಾಬಾದ್‌ಗಳ ರೇಡಾರ್‌ಗಳೇ ಆಸರೆಯಾಗಿದ್ದವು. 2025ರಲ್ಲಿ ಮಂಗಳೂರಿನ ರೇಡಾರ್ ಉದ್ಘಾಟನೆಗೊಂಡದ್ದು ಸ್ವಾಗತಾರ್ಹ. ಕರಾವಳಿ ಮತ್ತು ಸಮುದ್ರದ ಮೇಲಿನ ಮೋಡಗಳ ಮೇಲೆ ಕಣ್ಣಿಡಲು ಅದು ಅತ್ಯಗತ್ಯವಾಗಿತ್ತು. ಆದರೆ ಅದರಿಂದ ಒಳನಾಡಿನ ಸಮಸ್ಯೆ ಬಗೆಹರಿಯದು. ಅದಕ್ಕೆ ಕಾರಣ ಸರಳ ಭೂಗೋಳ.

ಬೆಂಗಳೂರು ನೇರ ದೂರದಲ್ಲಿ ಚೆನ್ನೈನಿಂದ ಸುಮಾರು 290 ಕಿ.ಮೀ., ಮಂಗಳೂರಿನಿಂದ ಸುಮಾರು 300 ಕಿ.ಮೀ. ಅಂತರದಲ್ಲಿದೆ. ಎರಡು ಕರಾವಳಿಗಳ ರೇಡಾರ್‌ಗಳಿಂದ ಹೆಚ್ಚುಕಡಿಮೆ ಸಮಾನ ದೂರ. ರೇಡಾರ್‌ನ ಕಿರಣ ಬಹುತೇಕ ನೇರವಾಗಿ ಸಾಗಿದರೆ ಭೂಮಿ ಅದರಡಿಯಲ್ಲಿ ಬಾಗುತ್ತ ಹೋಗುತ್ತದೆ. ನೆಲಮಟ್ಟಕ್ಕಿಂತ ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಕಿರಣ 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. 290 ಕಿ.ಮೀ. ತಲುಪುವ ಹೊತ್ತಿಗೆ ಅದರ ಎತ್ತರ ಸುಮಾರು ಏಳೂವರೆ ಕಿ.ಮೀ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ನೆಲದಿಂದ ಲೆಕ್ಕ ಹಾಕಿದರೂ ಆ ಕಿರಣ ಆರೂವರೆ ಕಿ.ಮೀ. ಮೇಲೆ ಹಾದುಹೋಗುತ್ತದೆ. ಅಷ್ಟೇ ಅಲ್ಲ, ಒಂದು ಡಿಗ್ರಿ ಅಗಲದ ಕಿರಣ ಅಲ್ಲಿ ಐದು ಕಿ.ಮೀ. ಅಗಲಕ್ಕೆ ಹರಡಿಕೊಂಡಿರುತ್ತದೆ.

ಇದರ ಅರ್ಥವೇನು? ಹನ್ನೆರಡು–ಹದಿನೈದು ಕಿ.ಮೀ. ಎತ್ತರಕ್ಕೆ ಬೆಳೆದ ಮೋಡದ ಮೇಲ್ಭಾಗ ದೂರದ ರೇಡಾರ್‌ಗೆ ಕಾಣುತ್ತದೆ. ಆದರೆ ಮೋಡದ ಎಳವೆ ಕಾಣುವುದಿಲ್ಲ. ನೆಲದ ಬಳಿ ನುಗ್ಗುವ ಬಿರುಗಾಳಿ ಕಾಣುವುದಿಲ್ಲ. ಯಾವ ಬಡಾವಣೆಯ ಮೇಲೆ ಮಳೆ ಕೇಂದ್ರೀಕೃತವಾಗಿದೆ ಎಂಬ ವಿವರ ಮಸುಕಾಗುತ್ತದೆ. ಎಚ್ಚರಿಕೆಗೆ ಬೇಕಾದ ಮೊದಲ ಅರ್ಧ ಗಂಟೆ ಹೀಗೆ ಕೈತಪ್ಪಿಹೋಗುತ್ತದೆ. ಮಂಗಳೂರಿನ ರೇಡಾರ್‌ಗೆ ಇನ್ನೊಂದು ಅಡ್ಡಿ ಪಶ್ಚಿಮ ಘಟ್ಟ. ಕುದುರೆಮುಖದಂತಹ 1,800 ಮೀಟರ್‌ಗೂ ಮಿಕ್ಕ ಶಿಖರಗಳು ತಗ್ಗಿನ ಕಿರಣಗಳನ್ನು ತಡೆಯುತ್ತವೆ. ಘಟ್ಟದಾಚೆಯ ಹಾಸನ, ಚಿತ್ರದುರ್ಗ, ತುಮಕೂರುಗಳ ಕೆಳಹಂತದ ವಾತಾವರಣ ಅದಕ್ಕೆ ಸುಲಭವಾಗಿ ದಕ್ಕದು. ಬೆಂಗಳೂರಿನ ಸುತ್ತಮುತ್ತ ಹಾಗೂ ಮಧ್ಯ ಕರ್ನಾಟಕದಲ್ಲಿ ರೇಡಾರ್ ಬೇಕೆಂಬ ಬೇಡಿಕೆಯ ಹಿಂದಿರುವುದು ಈ ಲೆಕ್ಕಾಚಾರವೇ ಹೊರತು ಪ್ರತಿಷ್ಠೆಯಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹರಡಿರುವ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಕರ್ನಾಟಕದ ಹೆಮ್ಮೆ. ಆದರೆ ಮಳೆಮಾಪಕ ಹೇಳುವುದು ಬಿದ್ದ ಮಳೆಯನ್ನು. ಬೀಳಲಿರುವ ಮಳೆಯನ್ನು ಹೇಳಲು ಮೇಲೆ ನೋಡುವ ಕಣ್ಣೇ ಬೇಕು.

ಸುಳ್ಳೆಚ್ಚರಿಕೆಯ ಬೆಲೆ

ಹಾಗಾದರೆ ಮುನ್ನೆಚ್ಚರಿಕೆಯಾಗಿ ದಿನವೂ ಇಡೀ ಜಿಲ್ಲೆಗೆ ಎಚ್ಚರಿಕೆ ಹೊರಡಿಸಿದರಾಗದೇ ಎಂಬ ವಾದವೂ ಇದೆ. 2018ರ ಮೇ ತಿಂಗಳ ಮೊದಲ ವಾರ ಇದಕ್ಕೆ ಪಾಠ ಹೇಳಿತು. ಮೇ 2ರ ರಾತ್ರಿ ರಾಜಸ್ಥಾನ ಮತ್ತು ಉತ್ತರ ಪ್ರದೇಶದಲ್ಲಿ ಬೀಸಿದ ದೂಳಿನ ಬಿರುಗಾಳಿ, ಗುಡುಗು ಮಳೆಗೆ ನೂರಕ್ಕೂ ಹೆಚ್ಚು ಮಂದಿ ಬಲಿಯಾದರು. ನಿದ್ದೆಯಲ್ಲಿದ್ದವರ ಮೇಲೆ ಗೋಡೆ, ಚಾವಣಿಗಳು ಕುಸಿದವು. ಎಚ್ಚರಿಕೆ ಸಾಲಲಿಲ್ಲವೆಂಬ ಟೀಕೆ ಎದ್ದಿತು. ಕೆಲವೇ ದಿನಗಳ ನಂತರ ಮತ್ತೊಂದು ಬಿರುಗಾಳಿಯ ಮುನ್ಸೂಚನೆ ಬಂದಾಗ ಹರಿಯಾಣ ಸರ್ಕಾರ ಮೇ 7 ಮತ್ತು 8ರಂದು ಇಡೀ ರಾಜ್ಯದ ಶಾಲೆಗಳನ್ನು ಮುಚ್ಚಿತು. ಆದರೆ ಬಹಳಷ್ಟು ಊರುಗಳಲ್ಲಿ ನಿರೀಕ್ಷಿಸಿದಷ್ಟು ಹಾನಿ ಆಗಲಿಲ್ಲ.

ಸರ್ಕಾರದ ಎಚ್ಚರಿಕೆಯ ನಡೆಯನ್ನು ತಪ್ಪೆನ್ನಲಾಗದು. ಆದರೆ ತೋಳ ಬಂತು ತೋಳ ಎಂಬ ಕಥೆಯ ಅಪಾಯ ಇಲ್ಲಿದೆ. ಮಳೆಗಾಲದುದ್ದಕ್ಕೂ ಜಿಲ್ಲೆಗಳಿಗೆ ಹಳದಿ, ಕಿತ್ತಳೆ ಬಣ್ಣಗಳ ಎಚ್ಚರಿಕೆ ಕೇಳುತ್ತಲೇ ಇದ್ದರೆ ಕಿವಿ ಒಗ್ಗಿಹೋಗುತ್ತದೆ. ನಿಜವಾದ ಅಪಾಯದ ದಿನವೂ ಆ ಬಣ್ಣ ಯಾರನ್ನೂ ಎಬ್ಬಿಸುವುದಿಲ್ಲ. ಎಚ್ಚರಿಕೆ ಚಿಕ್ಕ ಪ್ರದೇಶಕ್ಕೆ, ಕಡಿಮೆ ಹೊತ್ತಿಗೆ, ಖಚಿತವಾಗಿ ಬಂದಾಗಲಷ್ಟೇ ಜನ ಅದನ್ನು ನಂಬಿ ನಡೆಯುತ್ತಾರೆ. ಅಂತಹ ಖಚಿತತೆ ಸಮೀಪದ ರೇಡಾರ್ ಇಲ್ಲದೆ ಬಾರದು.

ಕೊನೆಯ ಕೊಂಡಿ

ರೇಡಾರ್ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಮುಂಬಯಿಯಲ್ಲಿ ರೇಡಾರ್‌ಗಳಿವೆ. ಆದರೂ 2024ರ ಮೇ 13ರ ಬಿರುಗಾಳಿಯಲ್ಲಿ ಘಾಟ್ಕೋಪರ್‌ನ ಪೆಟ್ರೋಲ್ ಬಂಕ್ ಮೇಲೆ ದೈತ್ಯ ಜಾಹೀರಾತು ಫಲಕ ಉರುಳಿ 17 ಮಂದಿ ಸತ್ತರು. ನಿಯಮ ಮೀರಿ ನಿಂತ ಫಲಕವನ್ನು ಯಾವ ರೇಡಾರೂ ಇಳಿಸಲಾರದು.

ಹಳ್ಳಿಗಳ ಚಿತ್ರ ಇನ್ನೂ ಕಠೋರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಗಳಿಗೆ ಬಲಿಯಾದ 7,126 ಮಂದಿಯಲ್ಲಿ 2,880 ಮಂದಿ ಸತ್ತದ್ದು ಸಿಡಿಲಿನಿಂದ. ಅಂದರೆ ಶೇಕಡಾ 40ಕ್ಕೂ ಹೆಚ್ಚು. 2020ರ ಜೂನ್ 25ರಂದು ಬಿಹಾರವೊಂದರಲ್ಲೇ ಸಿಡಿಲಿಗೆ 80ಕ್ಕೂ ಹೆಚ್ಚು ಜನ ಬಲಿಯಾದರು. ಇಂತಹ ದಿನಗಳಲ್ಲಿ ಹೆಚ್ಚಾಗಿ ಸಾಯುವವರು ಹೊಲ ಗದ್ದೆಗಳಲ್ಲಿ ದುಡಿಯುತ್ತಿರುವವರು, ದನ ಕುರಿ ಮೇಯಿಸುವವರು, ಮಳೆ ಬಂತೆಂದು ಮರದಡಿ ನಿಂತವರು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ರಾಜ್ಯದ ‘ಸಿಡಿಲು’ ಆ್ಯಪ್‌ಗಳು ಇಂತಹವರಿಗಾಗಿಯೇ ರೂಪುಗೊಂಡವು. ಆದರೆ ಕುರಿಗಾಹಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬೇಕು, ಅದರಲ್ಲಿ ಆ್ಯಪ್ ಇರಬೇಕು, ಇಂಟರ್‌ನೆಟ್ ಸಿಗಬೇಕು, ಅವನು ಅದನ್ನು ತೆರೆದು ನೋಡಬೇಕು. ಇಷ್ಟು ಷರತ್ತುಗಳ ಎಚ್ಚರಿಕೆ ಹೊಲಕ್ಕೆ ತಲುಪುವುದು ದುಸ್ತರ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳಲ್ಲಿ ಕರ್ಕಶ ಸದ್ದಿನೊಂದಿಗೆ ಪರೀಕ್ಷಾರ್ಥ ತುರ್ತು ಸಂದೇಶ ಮೊಳಗಿದ್ದು ಹಲವರಿಗೆ ನೆನಪಿರಬಹುದು. ಆ್ಯಪ್‌ನ ಹಂಗಿಲ್ಲದೆ, ನಿರ್ದಿಷ್ಟ ಟವರ್‌ಗಳ ವ್ಯಾಪ್ತಿಯ ಫೋನ್‌ಗಳಿಗಷ್ಟೇ ಸಂದೇಶ ತಲುಪಿಸುವ ತಂತ್ರಜ್ಞಾನ ಅದು. ಗುಡುಗು ಮೋಡದಂತಹ ಕಿರು ಅವಧಿಯ, ಕಿರು ವ್ಯಾಪ್ತಿಯ ಅಪಾಯಕ್ಕೆ ಅದಕ್ಕಿಂತ ತಕ್ಕ ಮಾಧ್ಯಮ ಇನ್ನೊಂದಿಲ್ಲ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಒಳನಾಡಿನ ಯಾವ ಜಿಲ್ಲೆಯೂ ರೇಡಾರ್‌ನಿಂದ ನೂರು–ನೂರೈವತ್ತು ಕಿ.ಮೀ.ಗಿಂತ ದೂರ ಉಳಿಯದಂತೆ ಜಾಲ ಹೆಣೆಯಬೇಕು. ಜಾಗ ಗುರುತಿಸುವುದು, ಸುತ್ತಲಿನ ಎತ್ತರದ ಕಟ್ಟಡಗಳನ್ನು ನಿಯಂತ್ರಿಸುವುದು ರಾಜ್ಯದ ಹೊಣೆ. ಏಪ್ರಿಲ್‌–ಮೇ ತಿಂಗಳ ಅಪಾಯದ ದಿನಗಳಲ್ಲಾದರೂ ಮಧ್ಯಾಹ್ನ ಇನ್ನೊಂದು ಬಲೂನು ಬಿಡುವುದು ದೊಡ್ಡ ವೆಚ್ಚದ ಮಾತಲ್ಲ. ಎಚ್ಚರಿಕೆ ಬಂದೊಡನೆ ಯಾರು ಏನು ಮಾಡಬೇಕೆಂಬುದು ಮೊದಲೇ ನಿಗದಿಯಾಗಿರಬೇಕು. ಯಾವ ಅಂಡರ್‌ಪಾಸ್‌ಗೆ ಯಾವ ಠಾಣೆಯ ಪೊಲೀಸರು ಅಡ್ಡಗಟ್ಟೆ ಹಾಕಬೇಕು, ಉದ್ಯೋಗ ಖಾತರಿಯ ಕೆಲಸವನ್ನು ಯಾರು ನಿಲ್ಲಿಸಬೇಕು, ಶಾಲೆಯ ಮೈದಾನದಿಂದ ಮಕ್ಕಳನ್ನು ಯಾರು ಒಳಗೆ ಕರೆಯಬೇಕು ಎಂಬುದು ಮೋಡ ಕವಿದ ಮೇಲೆ ಚರ್ಚಿಸುವ ವಿಷಯಗಳಲ್ಲ. ಹೊರಡಿಸಿದ ಎಚ್ಚರಿಕೆಗಳಲ್ಲಿ ಎಷ್ಟು ನಿಜವಾದವು, ಎಷ್ಟು ಹುಸಿಯಾದವು ಎಂಬ ಲೆಕ್ಕವನ್ನು ಪ್ರತಿ ವರ್ಷ ಜನರ ಮುಂದಿಟ್ಟರೆ ನಂಬಿಕೆಯೂ ಬೆಳೆಯುತ್ತದೆ.

ನಾಗರಿಕರ ಪಾಲಿನ ಕೆಲಸವೂ ಇದೆ. ಮಿಂಚು ಕಂಡ ಮೇಲೆ ಗುಡುಗು ಕೇಳಲು ಮೂವತ್ತು ಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆಯೆಂದು ಅರ್ಥ. ಆಗ ಗಟ್ಟಿ ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಮರದಡಿ ಎಂದೂ ನಿಲ್ಲಬಾರದು. ತುಂಬಿ ನಿಂತ ನೀರಿಗೆ ವಾಹನ ಇಳಿಸಬಾರದು.

ಗುಡುಗು ಮೋಡ ಒಂದು ದಿನ ಮೊದಲು ತನ್ನ ವಿಳಾಸ ಹೇಳುವುದಿಲ್ಲ; ಹೇಳಲೆಂದು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಹುಟ್ಟಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯ ಕಾಲಾವಕಾಶವನ್ನು ಅದು ಬಹುತೇಕ ಸಲ ಕೊಟ್ಟೇ ಕೊಡುತ್ತದೆ. ಟಿಂಕರ್ ನೆಲೆಯಲ್ಲಿ 1948ರಲ್ಲಿ ವಿಮಾನಗಳನ್ನು ಭದ್ರಪಡಿಸಲು ಕೆಲವೇ ಗಂಟೆಗಳು ಸಾಕಾದವು. ಒಂದು ಅಂಡರ್‌ಪಾಸ್‌ಗೆ ಅಡ್ಡಗಟ್ಟೆ ಹಾಕಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ನೋಡಬಲ್ಲ ಕಣ್ಣು ಮತ್ತು ಅದನ್ನು ಬಳಸಬಲ್ಲ ಕೈ, ಎರಡೂ ರಾಜ್ಯಕ್ಕೆ ಬೇಕಾಗಿವೆ.